ಮುಂದಿನ ಸೀಟಿನ ವಾಸಣ್ಣ

ವಾಸಣ್ಣನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬೆನ್ನು. ಮುಖ ಆಮೇಲೆ, ಅದೂ ಸ್ವಲ್ಪ ತಿಣುಕಿದರೆ. ಇಬ್ಬರು ಕೂರುವ ಕಯಾಕ್ ದೋಣಿಯಲ್ಲಿ ಹಿಂದಿನವರಿಗೆ ಸಿಗುವುದು ಅಷ್ಟೇ ತಾನೆ: ಮುಂದೆ ಕೂತವರ ಕತ್ತು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುವ ಭುಜಗಳು. ನಾಲ್ಕು ತಿಂಗಳು, ಪ್ರತಿ ಭಾನುವಾರ ಬೆಳಿಗ್ಗೆ, ಯಮುನೆಯ ಮೇಲೆ ಆ ಭುಜಗಳನ್ನೇ ನೋಡಿಕೊಂಡು ನಾನು ಹುಟ್ಟು ಹಾಕಿದೆ. ಬಲಭುಜ ಎಡದ್ದಕ್ಕಿಂತ ಒಂದಿಷ್ಟು ತಗ್ಗಾಗಿತ್ತು. ಇಪ್ಪತ್ತೆರಡು ವರ್ಷ ಕಾವಲಿಯ ಮೇಲೆ ಬಗ್ಗಿ ದೋಸೆ ಹುಯ್ದದ್ದಕ್ಕೆ ಹಾಗಾಗಿದೆ ಎಂದು ಅವರೇ ಹೇಳುತ್ತಿದ್ದರು.

ಅವರು ಆರ್.ಕೆ.ಪುರಂನ ಒಂದು ಕರಾವಳಿ ಹೋಟೆಲಿನಲ್ಲಿ ದೋಸೆ ಮಾಸ್ಟರ್. ಹುಟ್ಟೂರು ಗಂಗೊಳ್ಳಿ. ಮನೆಯ ಹಿಂಬಾಗಿಲು ತೆರೆದರೆ ಹೊಳೆ, ಹೊಳೆ ಮುಗಿದಲ್ಲಿ ಕಡಲು. "ಡೆಲ್ಲಿಗೆ ಬಂದ ಮೇಲೆ ನಾನು ಕಂಡ ನೀರು ಅಂದ್ರೆ ಟ್ಯಾಂಕರಿಂದು ಮಾತ್ರ ಮಾರಾಯ್ತಿ" ಎಂದು ನಗುತ್ತಿದ್ದರು.

ನಾನು ಅವರ ದೋಣಿಗೆ ಬಿದ್ದದ್ದು ಬೇರೆ ಯಾರೂ ನನ್ನನ್ನು ಕರೆಯದೇ ಇದ್ದುದರಿಂದ. ನನಗಾಗ ಹದಿನಾರು. ಕಿವಿ ಕೇಳದ ಮಕ್ಕಳ ಶಾಲೆಯೊಂದರ ಸಹಾಯಾರ್ಥವಾಗಿ, ಬ್ರಜ್‌ಘಾಟ್‌ನಿಂದ ನರೋರಾದವರೆಗೆ ಗಂಗೆಯಲ್ಲಿ ಎರಡು ದಿನ ಕಯಾಕ್ ನಡೆಸುವ ಸವಾಲು ಅದು, ಹದಿಹರೆಯದವರಿಗಾಗಿಯೇ ಇಟ್ಟದ್ದು. ದೆಹಲಿಯ ಕನ್ನಡದ ಮನೆಗಳಿಂದ ನಾವು ಐದು ಜನ ಹೆಸರು ಕೊಟ್ಟೆವು. ಉಳಿದ ನಾಲ್ವರೂ ಇಲ್ಲೇ ಬೆಳೆದವರು. ನಾನೊಬ್ಬಳು ಅಪ್ಪನ ವರ್ಗಾವಣೆಯ ಸಾಮಾನಿನ ಜೊತೆ ದಾವಣಗೆರೆಯಿಂದ ಬಂದಿಳಿದವಳು. ಅವರು ಹಿಂದಿಯಲ್ಲಿ ಒಂದು ಜೋಕ್ ಹೊಡೆದರೆ ಅದು ನನ್ನ ತಲೆಗೆ ಇಳಿಯುವಷ್ಟರಲ್ಲಿ ಎಲ್ಲರ ನಗು ಮುಗಿದಿರುತ್ತಿತ್ತು. ಆಮೇಲೆ ಒಬ್ಬಳೇ ನಗುವುದಕ್ಕಾಗುತ್ತದೆಯೇ? ಜೋಡಿ ಮಾಡಿಕೊಳ್ಳಿ ಎಂದಾಗ ಎರಡು ಜೋಡಿ ಕಣ್ಣುಮುಚ್ಚಿ ಬಿಡುವುದರೊಳಗೆ ಆಯಿತು. ನಾನು ಉಳಿದೆ.

ಜೋಡಿ ಸಿಗದವರ ಜೊತೆ ಮಾತ್ರ ದೊಡ್ಡವರೊಬ್ಬರು ಕೂರಬಹುದು ಎಂಬ ನಿಯಮವಿತ್ತು. ವಾಸಣ್ಣ ಅಲ್ಲಿಗೆ ಬಂದದ್ದು ಬರೀ ನಮ್ಮ ಮೇಲೊಂದು ಕಣ್ಣಿಡಲಿಕ್ಕೆ. ಆ ನಾಲ್ವರಲ್ಲೊಬ್ಬಳಾದ ಇಂದಿರಾಪುರಂನ ಅದಿತಿಯ ಅಪ್ಪ ಆ ಹೋಟೆಲಿನ ಖಾಯಂ ಗಿರಾಕಿ, ಅವರೇ ಕರೆತಂದಿದ್ದರು. ನಾನು ದಂಡೆಯಲ್ಲಿ ನಿಂತಿದ್ದನ್ನು ನೋಡಿ ವಾಸಣ್ಣ ಪ್ಯಾಂಟು ಮಡಚಿ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. "ಎಂತ ನೋಡ್ತಿದ್ದೀ? ಹತ್ತು."

ವಜೀರಾಬಾದಿನ ಮೇಲ್ಗಡೆ, ಯಮುನೆ ಇನ್ನೂ ಕಪ್ಪಾಗುವ ಮೊದಲು, ನಮ್ಮ ಅಭ್ಯಾಸ. ಕಯಾಕ್ ಕ್ಲಬ್ಬಿನ ತರಬೇತುದಾರ ಹಿಂದಿಯಲ್ಲಿ ಲೆಕ್ಕ ಕೂಗುತ್ತಿದ್ದರೆ ವಾಸಣ್ಣ ಕನ್ನಡದಲ್ಲಿ ಬೈಯುತ್ತಿದ್ದರು. ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು ಇರುವುದು ಅವರಿಗೆ ಕೊನೆಯವರೆಗೂ ಸರಿಬರಲಿಲ್ಲ. "ಇದೆಂತ, ಎರಡು ನಾಲಿಗೆಯ ಹುಟ್ಟು! ಚಾಡಿ ಹೇಳುವವರ ಹಾಗೆ" ಎನ್ನುತ್ತಿದ್ದರು. ನಾನು ಜೋರಾಗಿ ನೀರು ಬಡಿದರೆ ತಿರುಗದೇ ಹೇಳುತ್ತಿದ್ದರು: "ನೀರಿನ ಹತ್ರ ಜಗಳ ಮಾಡ್ಬೇಡ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ."

ಡಿಸೆಂಬರಿನಲ್ಲಿ ಕ್ಲಬ್ಬಿಗೆ ಹೊಸ ಹುಟ್ಟುಗಳು ಬರುವುದಿತ್ತು. ನಮ್ಮ ವಾಟ್ಸಾಪ್ ಗ್ರೂಪಿಗೆ ವಾಸಣ್ಣ ಧ್ವನಿಸಂದೇಶ ಹಾಕಿದರು: "ನಾಳೆ ಹೊಸ ಹುಟ್ಟು ಉಂಟು. ಎಲ್ರೂ ಬೇಗ ಬನ್ನಿ." ಅದಿತಿಗೆ ಗೊತ್ತಿದ್ದದ್ದು ಹುಟ್ಟುಹಬ್ಬದ ಹುಟ್ಟು ಒಂದೇ. ಮರುದಿನ ಮಂಜಿನಲ್ಲಿ ಆರು ಹುಟ್ಟು ಕಂಕುಳಲ್ಲಿ ಅಮುಕಿಕೊಂಡು ನಿಂತಿದ್ದ ವಾಸಣ್ಣನ ಮುಂದೆ ಅವಳು ಕೇಕಿನ ಡಬ್ಬ ತೆರೆದಳು. "ಹ್ಯಾಪಿ ಬರ್ತ್‌ಡೇ, ಅಂಕಲ್! ಆಪ್ ನೇ ಹೀ ತೋ ಬತಾಯಾ, ನಾಳೆ ಹುಟ್ಟು ಅಂತ!"

ವಿಷಯ ಗೊತ್ತಾದದ್ದು ನನಗೊಬ್ಬಳಿಗೆ. ಬಾಯಿ ತೆರೆದೆ. ವಾಸಣ್ಣ ನನ್ನ ಕಡೆ ನೋಡಿ ತಲೆಯಾಡಿಸಿದರು, ಬೇಡ ಎಂದು. ಹುಟ್ಟುಗಳನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟರು. ಗಾಳಿಗೆ ಮೇಣದಬತ್ತಿ ಹತ್ತಲಿಲ್ಲ. ಹತ್ತದ ಬತ್ತಿಯನ್ನೇ ಉಫ್ ಎಂದು ಊದಿದರು. ಎಲ್ಲರಿಗೂ ಕೈಯಾರೆ ತಿನ್ನಿಸಿದರು.

ವಾಪಸು ಬಸ್ಸಿನಲ್ಲಿ ನಾವಿಬ್ಬರೇ. ಹನ್ನೊಂದಕ್ಕೆ ಅವರು ಕಾವಲಿಯ ಮುಂದೆ ನಿಲ್ಲಲೇಬೇಕಿತ್ತು. "ಮಳೆಗಾಲದಲ್ಲಿ ಹುಟ್ಟಿದ್ದು ಅಂತ ಅಮ್ಮ ಹೇಳ್ತಿದ್ರು. ಶಾಲೆಲಿ ಮೇಷ್ಟ್ರು ಜೂನ್ ಒಂದು ಅಂತ ಬರ್ಕೊಂಡ್ರು. ಕೇಕ್ ಯಾರೂ ತಂದದ್ದಿಲ್ಲ. ಇದೇ ಆಗ್ಲಿ ಬಿಡು" ಎಂದು ಆಚೆ ಬದಿಗೆ ತಿರುಗಿದರು. ಮದುವೆಯಾಗಿರಲಿಲ್ಲ. ಹೋಟೆಲಿನ ಮೇಲಿನ ಕೋಣೆಯಲ್ಲಿ ಅವರ ಮಂಚ ಒಂದು ಖಾಯಂ, ಉಳಿದ ಮಂಚಗಳಲ್ಲಿ ಜನ ಬದಲಾಗುತ್ತಿದ್ದರು. ನನಗೂ ಮನೆಯಲ್ಲಿ ಅಮ್ಮನನ್ನು ಬಿಟ್ಟರೆ ಕನ್ನಡದಲ್ಲಿ ಹರಟಲು ಸಿಗುತ್ತಿದ್ದವರು ಅವರೊಬ್ಬರೇ. ವಾರವಿಡೀ ನಾನು ಭಾನುವಾರಕ್ಕೆ ಕಾಯುತ್ತಿದ್ದೆ.

ಅವರು ಕಾಯುತ್ತಿದ್ದದ್ದು ಗಂಗೆಗೆ. ಶನಿವಾರ, ಭಾನುವಾರ ಅವರು ರಜೆ ತೆಗೆದುಕೊಂಡ ದಾಖಲೆಯೇ ಇಲ್ಲ. ಎರಡು ತಿಂಗಳು ಮೊದಲೇ ಮಾಲೀಕರ ಹತ್ತಿರ ಕೇಳಿ ಒಪ್ಪಿಸಿಕೊಂಡಿದ್ದರು. "ಎರಡು ದಿನ ಮಗಾ! ಆ ಉದ್ದದ ನೀರಲ್ಲಿ ಒಂದ್ಸಲ ಕೂತ್ರೆ ಸಾಕು ನಂಗೆ" ಎಂದು ಮೂರು ವಾರ ಒಂದೇ ಮಾತು.

ಫೆಬ್ರವರಿಯ ಕೊನೆಗೆ ಅದಿತಿ ತನ್ನ ಕ್ಲಾಸಿನ ತಾನ್ವಿಯನ್ನು ಕರೆತಂದಳು. ಒಳ್ಳೆಯ ಈಜುಗಾತಿ, ಚುರುಕು. ಕಯಾಕಿನಲ್ಲಿ ಒಂದು ಸುತ್ತು ಹೋಗಿಬಂದು ನೇರ ನನ್ನ ಹತ್ತಿರ ಬಂದಳು. "ಮೇರೇ ಸಾಥ್ ಚಲೋಗೀ?" ಆ ಊರಿಗೆ ಬಂದು ಒಂದೂವರೆ ವರ್ಷದಲ್ಲಿ ನನ್ನ ವಯಸ್ಸಿನವರೊಬ್ಬರು ನನ್ನನ್ನು ಬೇಕೆಂದು ಕೇಳಿದ್ದು ಅದೇ ಮೊದಲು. ಅದಿತಿ ಫೋನಿನಲ್ಲಿ ಸವಾಲಿನ ಫಾರಂ ತೆರೆದು ಕೂತಿದ್ದಳು. "ನಿನ್ನ ಪಾರ್ಟ್‌ನರ್ ಯಾರು ಬರೀಲಿ? ಜಲ್ದಿ ಹೇಳು." ನಾಲ್ಕು ಹೆಜ್ಜೆ ಆಚೆ ವಾಸಣ್ಣ ನಮ್ಮ ಕಯಾಕಿನೊಳಗಿನ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆಯುತ್ತಿದ್ದರು. ಅವರ ಕೈ ನಿಂತಿತು.

"ತಾನ್ವಿ" ಎಂದೆ.

ಹಾಗೆಂದದ್ದಕ್ಕೆ ಇವತ್ತಿಗೂ ನನ್ನ ಹತ್ತಿರ ಒಳ್ಳೆಯ ಕಾರಣವಿಲ್ಲ. ಆಸೆ, ಅಷ್ಟೇ. ವಾಸಣ್ಣ ಸ್ಪಂಜು ಹಿಂಡಿ ಎದ್ದರು. "ಅಚ್ಛಾ, ಚಲೋ. ಒಳ್ಳೇದೇ ಆಯ್ತು. ಸಮ ವಯಸ್ಸಿನವರು, ಹುಟ್ಟು ಸಮ ಬೀಳ್ತದೆ" ಎಂದರು. ಬಸ್ಸಿನಲ್ಲಿ ಎಂದಿನಂತೆ ನನಗೆ ಕಿಟಕಿ ಬಿಟ್ಟುಕೊಟ್ಟರು. ನನ್ನ ಮನೆಯ ಸ್ಟಾಪಿನವರೆಗೂ ನಾನು ನಿದ್ದೆಯ ನಾಟಕ ಮಾಡಿದೆ.

ನನಗೆ ಜೋಡಿ ಸಿಕ್ಕ ಮೇಲೆ ನಿಯಮದ ಪ್ರಕಾರ ವಾಸಣ್ಣನಿಗೆ ಸೀಟಿರಲಿಲ್ಲ, ಅವರು ಗಂಗೆಗೆ ಬರಲಿಲ್ಲ. ಗಂಗೆಯಲ್ಲಿ ಆ ಎರಡು ದಿನ ತಾನ್ವಿ ಚೆನ್ನಾಗಿಯೇ ಹುಟ್ಟು ಹಾಕಿದಳು. ಮಾತು ಮಾತ್ರ ಪಕ್ಕದ ಕಯಾಕಿನ ಅದಿತಿಯ ಜೊತೆ. ಮೊದಲ ದಿನ ಸಂಜೆ ವಾಸಣ್ಣನಿಗೆ ಧ್ವನಿಸಂದೇಶ ಕಳಿಸಿದೆ: ಮಧ್ಯಾಹ್ನ ಡಾಲ್ಫಿನ್ ಕಂಡಿತು, ಕೂಗುವ ಭರದಲ್ಲಿ ಹುಟ್ಟು ಕೈಜಾರಿ ತೇಲಿಹೋಯಿತು, ಹಿಂದೆ ಬರುತ್ತಿದ್ದ ಕಾವಲು ದೋಣಿಯವರು ತಂದುಕೊಟ್ಟರು ಎಂದು. ಕೂಡಲೇ ಉತ್ತರ ಬಂತು: "ಭಲೇ! ಡಾಲ್ಫಿನ್ ಎಷ್ಟು ಹತ್ರ ಇತ್ತು? ಎಡಗಡೆಯಾ ಬಲಗಡೆಯಾ? ಸರಿಯಾಗಿ ಹೇಳು ಕಾಂಬ." ಹೇಳಿದೆ.

ಸವಾಲು ಮುಗಿದ ಮೇಲೆ ಗ್ರೂಪು ತಣ್ಣಗಾಯಿತು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಾ ನಾನು ಹೋಟೆಲಿಗೆ ಹೋಗಿದ್ದು ಮೂರು ತಿಂಗಳ ಮೇಲೆ. ಎದುರಾಗಲು ನಾಚಿಕೆ. ಕಾವಲಿಯ ಮುಂದೆ ಬೇರೆ ಯಾರೋ ಇದ್ದರು. ವಾಸಣ್ಣನಿಗೆ ಭುಜ ಎತ್ತಲಾಗದೆ ಅಕ್ಕನ ಮಗ ಬಂದು ಊರಿಗೆ ಕರೆದುಕೊಂಡು ಹೋದ ಎಂದು ಗಲ್ಲಾದಲ್ಲಿದ್ದ ಮಾಲೀಕರು ಹೇಳಿದರು. ಅವರ ಫೋನಿಗೆ ಅಲ್ಲೇ ನಿಂತು ಕರೆ ಮಾಡಿದೆ. ಸ್ವಿಚ್ ಆಫ್.

ಮಾಲೀಕರು ನನ್ನನ್ನೇ ನೋಡುತ್ತಿದ್ದರು. "ವಾಸುವಿನ ಹಿಂದೆ ಕೂತ ಹುಡುಗಿ ನೀನೇಯಾ? ಎರಡು ದಿನ ರಜೆ ಹಾಕಿ ಗಂಗೆಗೆ ಹೋಗಿ, ಮುಖವೆಲ್ಲ ಕರ್ರಗೆ ಮಾಡ್ಕೊಂಡು ಬಂದ ಮಾರಾಯ್ತಿ. ಬಂದವ ಒಂದು ತಿಂಗಳು ನಮಗೆಲ್ಲ ಅದೇ ಕಥೆ. ಬಲಗಡೆ ಡಾಲ್ಫಿನ್ ಎದ್ದಿತಂತೆ, ನೀನು ಹೆದರಿ ಹುಟ್ಟು ಬಿಟ್ಟೆಯಂತೆ, ಇವನೇ ನೀರಿಗೆ ಹಾರಿ ತಂದನಂತೆ. ಈ ಭುಜ ಇಟ್ಕೊಂಡು! ನಾವು ಯಾರೂ ನಂಬಲಿಲ್ಲ. ಹೌದಾ ಅದು?"

ಆ ಎರಡು ದಿನ ಅವರು ಎಲ್ಲಿದ್ದರೋ, ಯಾವ ಬಿಸಿಲಲ್ಲಿ ಕೂತಿದ್ದರೋ ನನಗೆ ಗೊತ್ತಿಲ್ಲ.

"ಹೌದು" ಎಂದೆ. "ಮುಂದೆ ಅವರು, ಹಿಂದೆ ನಾನು. ವಾಸಣ್ಣ ಇಲ್ಲದಿದ್ದರೆ ಆ ಹುಟ್ಟು ಹೋಗೇಬಿಡ್ತಿತ್ತು."

ಮಾಲೀಕರು ಅಡುಗೆಮನೆಯ ಕಡೆ ಕತ್ತು ತಿರುಗಿಸಿ ಕೂಗಿದರು: "ಕೇಳಿದ್ರಾ? ವಾಸು ಹೇಳಿದ್ದು ಸುಳ್ಳಲ್ಲ ಮಾರಾಯ್ರೆ!"