ಸೂತಕದಲ್ಲಿ ಕಿತ್ತ ಹಸಿಗಡಲೆ

ಒಂದು ದಿನ ಸಂಜೆ ನನ್ನ ಗಂಡ ಒಂದು ಹಸಿರು ಕಾಯಿ ಬಿಡಿಸಿ, ಒಳಗಿನ ಕಡಲೆಯನ್ನು ಉಗುರಿನಿಂದ ಒತ್ತಿ ನೋಡಿದರು. "ಇನ್ನೊಂದ್ ಎಂಟ್ ದಿನ ಹೋಗ್ಲಿ" ಎಂದರು.

ನಾವಿಬ್ಬರೂ ಹಿರೇಹಳ್ಳಿಯ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದೆವು. ಹೊಲದಲ್ಲಿ ವರ್ಷಕ್ಕೊಮ್ಮೆ ಬರುವ ಕಡಲೆಯನ್ನು ಅಲ್ಲಿ ಕೋಣೆಯೊಳಗೆ, ದಿನಕ್ಕೆ ಇಪ್ಪತ್ತು ಗಂಟೆ ಲೈಟು ಹಾಕಿ ಬೆಳೆಸುತ್ತಾರೆ. ಗಿಡ ಬೇಗ ಹೂ ಬಿಡುತ್ತದೆ. ಕಾಯಿ ಒಣಗುವವರೆಗೂ ಕಾಯುವುದಿಲ್ಲ. ಹಸಿಯಾಗಿಯೇ ಕಿತ್ತು, ಕಾಳನ್ನು ಒಂದು ವಾರ ಆರಿಸಿ ಮತ್ತೆ ಬಿತ್ತುತ್ತಾರೆ. ಹೀಗೆ ಒಂದೇ ವರ್ಷದಲ್ಲಿ ಹಲವು ಪೀಳಿಗೆ ದಾಟಿಸಬಹುದು. ಸೊರಗು ರೋಗ ತಡೆಯುವ ತಳಿಗಾಗಿ ನನ್ನ ಗಂಡ ಎರಡು ಜಾತಿಯ ಕಡಲೆ ಕೂಡಿಸಿ ನಾಲ್ಕನೇ ಪೀಳಿಗೆಗೆ ತಂದಿದ್ದರು. ಆ ಸಾಲಿನಲ್ಲಿ ಮೂರೇ ಗಿಡ ಉಳಿದಿದ್ದವು.

ಆ ಕಾಯಿ ಒತ್ತಿ ನೋಡಿದ ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಕಾರ್ಯ ಗುಬ್ಬಿಯ ಅತ್ತೆ ಮನೆಯಲ್ಲಿ. ನಾಲ್ಕನೇ ದಿನ ಕಂಪನಿಯಿಂದ ಫೋನ್ ಬಂತು: ಕೋಣೆಯ ಗಿಡಗಳಿಗೆ ಬೂಷ್ಟು ಹತ್ತಿದೆ, ನಾಳೆ ಎಲ್ಲ ಕಿತ್ತು ಸುಡುತ್ತಾರೆ. ಆ ಮೂರು ಗಿಡದ ಕಾಳು ಹೋದರೆ ನನ್ನ ಗಂಡನ ಕೆಲಸ ಅಲ್ಲಿಗೆ ಮುಗಿಯಿತು. ನಾನು ಹೊರಟೆ.

ಕುಣಿಗಲ್ಲಿನಿಂದ ಬಂದಿದ್ದ ನನ್ನಮ್ಮ ಬಾಗಿಲಲ್ಲೇ ತಡೆದಳು. "ಸೂತಕದಲ್ಲಿ ಬೀಜ ಮುಟ್ಬಾರ್ದು ಕಣೇ. ಮೊಳೆಯಲ್ಲ."

ಗೋಡೆಗೊರಗಿ ಕೂತಿದ್ದ ಅತ್ತೆ ಮೂರು ದಿನದ ಮೇಲೆ ಮಾತಾಡಿದರು. "ಬ್ಯಾಡ ಅನ್ನೋದು ಬಿತ್ತಕ್ಕೆ ತಾನೇ? ಹಸಿಗಡಲೆ ಕೀಳಕ್ಕೆ ಯಾವ ಸೂತಕ? ನನ್ ಮಗ ಅದ್ನ ಬೀಜ ಅಂತಿದ್ದ, ನಮಗದು ತಿನ್ನೋ ಕಾಳು. ಹೋಗ್ ಬಾರವ್ವ. ಬಿತ್ತೋದು ಹನ್ನೊಂದು ಕಳೀಲಿ."

"ಬೀಗಿತ್ತಿ ಒಳ್ಳೆ ಲಾಯರ್ ಆದ್ರು ಬುಡು" ಎಂದು ಅಮ್ಮ ಪಕ್ಕಕ್ಕೆ ಸರಿದಳು.

ಹಿರೇಹಳ್ಳಿಯ ಕೋಣೆಯಲ್ಲಿ ಕಡಲೆ ಒತ್ತಿ ನೋಡಿದರೆ ನನ್ನ ಉಗುರಿಗೆ ಏನೂ ತಿಳಿಯಲಿಲ್ಲ. ಇದ್ದ ಕಾಯಿಗಳನ್ನೆಲ್ಲ ಕಿತ್ತೆ. ಹತ್ತೊಂಬತ್ತು ಕಾಳು ಸಿಕ್ಕವು. ಗುಬ್ಬಿಗೆ ತಂದು ಪೇಪರಿನ ಮೇಲೆ ನೆರಳಲ್ಲಿ ಹರಡಿದೆ. ಅವು ಒಣಗುತ್ತಾ ಮೆಣಸಿನ ಕಾಳಿನ ಹಾಗೆ ಸುಕ್ಕಾದವು. ಬೇಗ ಕಿತ್ತು ನಾನೇ ಕೊಂದೆನೇನೋ ಅನ್ನಿಸಿತು.

ಹನ್ನೊಂದು ಕಳೆದ ಮಾರನೆಯ ದಿನ ಹಿರೇಹಳ್ಳಿಗೆ ಹೋಗಿ ಒದ್ದೆ ಕಾಗದದಲ್ಲಿ ಸುತ್ತಿಟ್ಟೆ. ಮೂರನೇ ಬೆಳಿಗ್ಗೆ ಬಿಡಿಸಿದರೆ ಹನ್ನೆರಡು ಕಾಳಿನಲ್ಲಿ ಬಿಳಿ ಬೇರು ಬಂದಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅತ್ತೆಗೆ ಫೋನ್ ಮಾಡಿದೆ.

"ಎಳೇ ಕಾಳು ಮೊಳೀತಾ? ಮೊದ್ಲು ನಿಮ್ಮಮ್ಮಂಗೆ ಹೇಳು, ಹೋಗು" ಎಂದು ನಕ್ಕರು. ಆಮೇಲೆ ಅತ್ತರು.

ಈಗ ಐದನೇ ಪೀಳಿಗೆ ಹೂವಿಗೆ ಬಂದಿದೆ. ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ಮೊದಲು ಇಬ್ಬರೂ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆವು. ಈಗ ನಾನು ಬಸ್ಸಿಗೆ ಹೋಗುತ್ತೇನೆ. ಬೈಕ್ ಓಡಿಸಲು ಅವರಿಲ್ಲ.