ನೆಲಬಾಂಬು ಬೇಡ ಎಂದ ಹನುಮಂತಣ್ಣನ ಸಂದರ್ಶನ

ಬಂಧುಗಳೇ, ಈ ಅನ್ಯಾಯವನ್ನು ಕೇಳಿ! ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯ ಮಾಜಿ ಸೈನಿಕ ಹನುಮಂತಣ್ಣ ಗಡಿಯಲ್ಲಿ ನೆಲಬಾಂಬು ತುಳಿದು ಒಂದು ಕಾಲು ಕಳೆದುಕೊಂಡವರು. ನೆಲಬಾಂಬು ನಿಷೇಧದ ಅಭಿಯಾನಕ್ಕಾಗಿ ಇಂದು ಬೆಳಿಗ್ಗೆ ಮೊದಲ ಬಾರಿಗೆ ಕ್ಯಾಮೆರಾ ಮುಂದೆ ಕುಳಿತರು. ಚಾನೆಲ್ಲಿನವನನ್ನು ಕರೆತಂದ ಮಹಾನುಭಾವ ನಾನೇ. ಹನುಮಂತಣ್ಣನ ದನಿ ಬಲು ಮೆದು, ಮಗ್ಗದ ಸದ್ದಿನಲ್ಲಿ ಕೇಳಿಸದು. ಅದಕ್ಕಾಗಿ ಇಡೀ ಬೀದಿ ಕೂಲಿ ಬಿಟ್ಟು ಮಗ್ಗ ನಿಲ್ಲಿಸಿತು. ಕರೆಂಟು ಹೋದರೆ ಮಾತ್ರ ನಿಲ್ಲುವ ಮಗ್ಗಗಳು!

“ಯುದ್ಧ ಮುಗಿದ್ರೂ ಹೂತಿರೋ ಬಾಂಬು ಕಾಯ್ಕೊಂಡೇ ಇರ್ತದೆ. ಹುಲ್ಲು ಕುಯ್ಯೋಕೆ ಬಂದ ಹೆಂಗಸು ಯಾವ ದೇಶದೋಳು ಅಂತ ಅದು ಕೇಳಲ್ಲ. ಯಾರೂ ಹೂಳ್ಬಾರ್ದು ಸ್ವಾಮಿ, ನಮ್ಮೋರೂ ಸೇರಿ,” ಎಂದರು.

ಸಂಜೆ ಎಲ್ಲರೂ ಟಿವಿ ಮುಂದೆ ಸೇರಿದೆವು. ಅಯ್ಯೋ ವಿಧಿಯೇ! ಹನುಮಂತಣ್ಣನ ತುಟಿ ಅಲ್ಲಾಡುತ್ತಿದೆ, ಕೇಳುತ್ತಿರುವುದು ಮಾತ್ರ ಢಂ ಢಮಾರ್ ಎಂಬ ಬಾಂಬಿನ ಸದ್ದು! ಕೆಳಗೆ ಕೆಂಪಕ್ಷರದಲ್ಲಿ ‘ಸೇಡಿಗೆ ಸಜ್ಜಾದ ಒಂಟಿಕಾಲ ಯೋಧ’.

“ಏನಪ್ಪಾ, ನಾನೆಲ್ಲಿ ಸೇಡು ಅಂದೆ? ಹೂಳ್ಬೇಡಿ ಅಂದಿದ್ದು ಎಲ್ಲೋಯ್ತು?” ಎಂದು ಅವರು ನನ್ನನ್ನೇ ಕೇಳಿದರು.

ವರದಿಗಾರನಿಗೆ ಫೋನು ಮಾಡಿ ಅಬ್ಬರಿಸಿದೆ. ಅವನು ತಣ್ಣಗೆ ಹೇಳಿದ: “ಗುರು, ಎಫೆಕ್ಟ್ ಇಲ್ದೆ ಯಾರ್ ನೋಡ್ತಾರೆ? ನಿಮ್ ಅಭಿಯಾನಕ್ಕೆ ಪ್ರಚಾರ ಸಿಕ್ತಲ್ಲ, ಪಾರ್ಟಿ ಯಾವಾಗ?”

ಬಾಂಬು ಬೇಡ ಎಂದವರ ಬಾಯಿಗೇ ಬಾಂಬು ತುರುಕಿ ಪಾರ್ಟಿ ಕೇಳುತ್ತಾನೆ! ಹನುಮಂತಣ್ಣ ನಿಜವಾಗಿ ಆಡಿದ ಮಾತನ್ನು ಇಲ್ಲಿ ಬರೆದಿದ್ದೇನೆ, ಹಂಚಿಕೊಳ್ಳಿ. ಢಂ ಢಮಾರ್ ಬೇಕಾದವರು ನಿಮ್ಮ ಬಾಯಲ್ಲೇ ಮಾಡಿಕೊಳ್ಳಿ.