ಬಾವಿಗಿಳಿದ ಲಾಟೀನು

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಮಗಳದ್ದೊಂದು ಉಪ್ಪುನೀರಿನ ಪುಟ್ಟ ಅಕ್ವೇರಿಯಂ ಇದೆ. ಇವತ್ತು ಅದರ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಆ ಇಕ್ಕಟ್ಟಿಗೇ ಬಿಡಲೆಂದು ಅವಳು ಇನ್ನೊಂದು ಮೀನಿನ ಕವರ್ ಬಿಚ್ಚುತ್ತಿದ್ದಳು. ನನಗೆ ಚಿಕ್ಕಂದಿನ ಬಾವಿಯೊಂದು ನೆನಪಾಯಿತು.

ತೆರಕಣಾಂಬಿಯ ಅಜ್ಜಿಮನೆ ಬಾವಿಗೆ, ಹುಳ ತಿನ್ನಲೆಂದು ಒಂದೆರಡು ಮೀನು ಬಿಡುವುದು ಆಗ ವಾಡಿಕೆಯಾಗಿತ್ತು. ಚಿಕ್ಕಪ್ಪನಿಗೆ ಅಷ್ಟು ಸಾಲದು. ಕೆರೆಗೆ ಹೋದಾಗಲೆಲ್ಲ ಬಕೆಟ್ ತುಂಬ ತಂದು ಸುರಿಯುತ್ತಿದ್ದ. ಬೇಸಿಗೆಯಲ್ಲಿ ನೀರು ತಳ ಸೇರಿತು. ಒಂದು ಬೆಳಿಗ್ಗೆ ಇಣುಕಿದರೆ ನೀರೇ ಕಾಣದಷ್ಟು ಬಾಯಿಗಳು.

"ಇಳ್ದು ಅರ್ಧ ಎತ್ತಾಕ್ಬುಡ್ತೀನಿ" ಎಂದು ಚಿಕ್ಕಪ್ಪ ಒಂದು ಕಾಲು ಒಳಗಿಟ್ಟ. ಅಜ್ಜಿ ಓಡಿಬಂದು ಅವನ ರಟ್ಟೆ ಹಿಡಿದಳು.

"ಮೊದ್ಲು ದೀಪ ಇಳ್ಸ್ಲಾ!"

ಹಗ್ಗಕ್ಕೆ ಕಟ್ಟಿದ ಲಾಟೀನು ಇಳಿಯಿತು. ಮೀನಿನ ಬಾಯಿಗಳ ಮೇಲೆ ಬೆಳಕು ಬಿತ್ತು. ಅಷ್ಟರಲ್ಲೇ ಉರಿ ಸಣ್ಣಗಾಗಿ ಆರಿಹೋಯಿತು.

"ಉಸ್ರೇ ಇಲ್ಲ ಕಣ್ಲಾ ಅಲ್ಲಿ" ಎಂದಳು ಅಜ್ಜಿ. ಚಿಕ್ಕಪ್ಪ ಕಾಲನ್ನು ಮೆಲ್ಲಗೆ ಹೊರಗೆಳೆದುಕೊಂಡ. ಅಜ್ಜಿ ಆಮೇಲೂ ರಟ್ಟೆ ಬಿಡಲಿಲ್ಲ.

"ಇದೊಂದೇ ಬುಡ್ತೀನಿ ಕಣಪ್ಪ" ಎಂದಳು ಅಕ್ವೇರಿಯಂ ಮುಂದಿದ್ದ ಮಗಳು.

"ಬ್ಯಾಡ ಕಣಮ್ಮಿ."

"ಆಯ್ತು, ಬುಡಲ್ಲ. ನನ್ ರಟ್ಟೆ ಬುಡಪ್ಪ, ನೋಯ್ತದೆ."